ಒಂದು ಪ್ಲೇಟ್ ಗೋಬಿ, ನಾಲ್ಕು ಚಮಚ, ಊರ್ ತುಂಬಾ ಜಡ್ಜುಗಳು

ಶಿವಮೊಗ್ಗದಲ್ಲಿ ಯಾವ ಏರಿಯಾದ ವಾಟ್ಸಾಪ್ ಗ್ರೂಪಲ್ಲಿದ್ರೂ ಸರಿ, ಆಗಾಗ ಒಂದೇ ಥರದ ಫೋಟೋ ಬಂದೇ ಬರುತ್ತೆ. ಯೂನಿಫಾರ್ಮ್ ಹಾಕ್ಕೊಂಡಿರೋ ಐದಾರು ಪಿಯು ಹುಡುಗ್ರು ಹುಡುಗೀರು ಗೋಬಿ ಗಾಡಿ ಹತ್ರನೋ ಬೇಕರಿ ಮುಂದೆನೋ ನಿಂತಿರ್ತಾರೆ, ದೂರದಿಂದ ಜೂಮ್ ಮಾಡಿ ತೆಗ್ದಿರೋದು, ಮುಖ ಅರ್ಧ ಮಸುಕು, ಕೆಳಗೆ 'ಅಪ್ಪ ಅಮ್ಮ ಓದ್ಲಿ ಅಂತ ಕಳ್ಸಿದ್ರೆ ಇವ್ರು ಮಾಡ್ತಿರೋದು ನೋಡಿ' ಅಂತ ಒಂದು ಸಾಲು, ಕೈ ಮುಗಿಯೋ ಇಮೋಜಿ ಮೂರು. ಆಮೇಲೆ ಶುರುವಾಗುತ್ತೆ ನೋಡಿ, ನಮ್ ಕಾಲದಲ್ಲಿ ಹಿಂಗಿರ್ಲಿಲ್ಲ, ಮೊಬೈಲ್ ಕೊಟ್ಟಿದ್ದೇ ತಪ್ಪು, ಕಾಲೇಜಿನವ್ರು ಏನ್ ಮಾಡ್ತಿದಾರೆ, ಪೊಲೀಸ್ರಿಗೆ ಹೇಳ್ಬೇಕು. ಆ ಫೋಟೋನ ಇನ್ನೊಂದ್ಸಲ ಸರಿಯಾಗಿ ನೋಡಿದ್ರೆ ಅದ್ರಲ್ಲಿ ಇರೋದಾದ್ರೂ ಎಂತ? ತಿಂತಿದಾರೆ, ನಗ್ತಿದಾರೆ, ಒಟ್ಟಿಗೆ ನಿಂತಿದಾರೆ. ಅಷ್ಟೇ.

ನನಗನ್ಸೋದು ಏನಂದ್ರೆ, ಇಲ್ಲಿ ನಾವು ಅಳೀತಿರೋದು ಹುಡುಗ್ರ ನಡತೆನಲ್ಲ. ಊರಲ್ಲಿ ಯಾರು ಎಲ್ಲಿ ಎಷ್ಟೊತ್ತು ಕೂರಬಹುದು ಅನ್ನೋದನ್ನ ಅಳೀತಿದೀವಿ, ಅದ್ರಲ್ಲಿ ಹದಿನೈದರಿಂದ ಹತ್ತೊಂಬತ್ತರ ವಯಸ್ಸಿನವ್ರಿಗೆ ನಾವು ಇಟ್ಟಿರೋ ಪಾಲು ತೀರಾ ಕಡಿಮೆ.

ಮೊದ್ಲು ಸಮಯದ ಲೆಕ್ಕ ನೋಡ್ಬೇಕು, ಅದನ್ನ ಬಿಟ್ರೆ ಈ ವಿಷ್ಯ ಅರ್ಥನೇ ಆಗಲ್ಲ. ಕಾಲೇಜು ನಾಲ್ಕು ಗಂಟೆ ಆಸುಪಾಸಲ್ಲಿ ಬಿಡುತ್ತೆ. ಟ್ಯೂಷನ್ನು, ಸಿಇಟಿ ನೀಟ್ ಕೋಚಿಂಗು ಶುರುವಾಗೋದು ಐದೂವರೆಗೋ ಆರಕ್ಕೋ. ಊರೊಳಗೆ ಮನೆ ಇರೋರು ಹೋಗಿ ಬರ್ತಾರೆ ಬಿಡಿ, ಆದ್ರೆ ಆಯನೂರು, ಕುಂಸಿ, ಹಾರನಹಳ್ಳಿ, ಗಾಜನೂರು, ಮಂಡಗದ್ದೆ ಕಡೆಯಿಂದ ಬರೋ ಮಕ್ಳು ಎಲ್ಲಿಗೆ ಹೋಗ್ತಾರೆ? ಮನೆಗೆ ಹೋಗೋಕೆ ಒಂದು ಬಸ್ಸು, ಬಸ್ಸಿಳಿದು ಕೆಲವ್ರಿಗೆ ತೋಟದ ದಾರೀಲಿ ನಡಿಗೆ, ವಾಪಸ್ ಬರೋದಂತೂ ಕನಸು. ಕೋಚಿಂಗ್ ಇಲ್ದೋರಿಗೂ ಬಸ್ಸು ಕಾಯೋ ಕೆಲ್ಸ ಇದ್ದೇ ಇದೆ. ಮಲೆನಾಡಲ್ಲಿ ಬಸ್ಸು ಅಂದ್ರೆ ಬಹುಪಾಲು ಪ್ರೈವೇಟ್ ಬಸ್ಸೇ ಅಲ್ವಾ, 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ್ಮೇಲೆ ಹೆಣ್ಮಕ್ಳಿಗೆ ಸರ್ಕಾರಿ ಬಸ್ಸು ಫ್ರೀ ಆಯ್ತು ನಿಜ, ಆದ್ರೆ ತೀರ್ಥಹಳ್ಳಿ, ಹೊಸನಗರದ ಕಡೆ ಅದು ಬರೋದೇ ಅಪರೂಪ. ಹಂಗಾಗಿ ಮನೇಲಿ ದುಡ್ಡಿಗೆ ಕಷ್ಟ ಇರೋ ಹುಡುಗಿ ಎರಡು ಪ್ರೈವೇಟ್ ಬಸ್ಸು ಬಿಟ್ಟು ಸರ್ಕಾರಿ ಬಸ್ಸಿಗೆ ಕಾಯ್ತಾಳೆ, ಕಾಯೋವಾಗ ಹೊಟ್ಟೆ ಹಸಿಯುತ್ತೆ, ಟಿಕೆಟ್ಟಲ್ಲಿ ಉಳಿದ ದುಡ್ಡಲ್ಲಿ ಒಂದು ಎಗ್ ಪಫ್ ತಗೋತಾಳೆ. ಅದೇ ಟೈಮಿಗೆ ಅವಳ ಊರಿನ ಯಾರೋ ಒಬ್ರು ಅಡಿಕೆ ಮಂಡಿಗೆ ಬಂದೋರು ಅವಳನ್ನ ಬೇಕರೀಲಿ ನೋಡ್ತಾರೆ. ಸಂಜೆ ಮನೆಗೆ ಸುದ್ದಿ ಮೊದ್ಲು ತಲ್ಪುತ್ತೆ, ಹುಡುಗಿ ಆಮೇಲೆ.

ಪಾರ್ಕಲ್ಲಿ ಕೂರ್ಲಿ, ಲೈಬ್ರರಿಗೆ ಹೋಗ್ಲಿ ಅಂತಾರೆ. ಗಾಂಧಿ ಪಾರ್ಕ್ ಇದೆ, ಹಳೇ ಜೈಲಿನ ಜಾಗದ ಫ್ರೀಡಂ ಪಾರ್ಕ್ ಇದೆ, 2016ರಲ್ಲಿ ಸ್ಮಾರ್ಟ್ ಸಿಟಿ ಲಿಸ್ಟಿಗೆ ಸೇರಿದ್ಮೇಲೆ ಫುಟ್‌ಪಾತು, ತುಂಗಾ ದಂಡೆ ಅಂತ ಒಂದಿಷ್ಟು ಕೆಲ್ಸನೂ ಆಯ್ತು. ಆದ್ರೆ ಹುಡುಗ ಹುಡುಗಿ ಪಾರ್ಕಲ್ಲಿ ಕೂತ್ರೆ ಗೋಬಿ ಅಂಗಡಿ ಫೋಟೋಗಿಂತ ದೊಡ್ಡ ಫೋಟೋ ಆಗುತ್ತೆ ಅದು, ಎಲ್ರಿಗೂ ಗೊತ್ತಿರೋದೇ. ಲೈಬ್ರರೀಲಿ ಮಾತಾಡೋ ಹಾಗಿಲ್ಲ, ದಿನವಿಡೀ ಬೆಂಚಲ್ಲಿ ಬಾಯ್ಮುಚ್ಕೊಂಡು ಕೂತು ಬಂದೋರಿಗೆ ಇನ್ನೂ ಎರಡು ಗಂಟೆ ಬಾಯ್ಮುಚ್ಚು ಅಂದ್ರೆ ಹೆಂಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಬೇರೆ. ಪಾರ್ಕಿನ ಕಲ್ಬೆಂಚು ಒದ್ದೆ, ಬಸ್‌ಸ್ಟಾಪಿನ ಸೂರು ಸೋರುತ್ತೆ, ಆಗ ತಲೆ ಮೇಲೆ ಸೂರಿರೋ ಜಾಗ ಅಂದ್ರೆ ಬೇಕರಿ ಮುಂದಿನ ತಗಡಿನ ಶೀಟು ಒಂದೇ. ಅಲ್ಲಿ ಸುಮ್ನೆ ನಿಂತ್ರೆ ಅಂಗಡಿಯವ್ರು ಏನ್ ಬೇಕು ಅಂತಾರೆ, ಹಂಗಾಗಿ ಏನಾದ್ರೂ ತಗೊಳ್ಳೇಬೇಕು. ಪಫ್ಸು, ಖಾರಾ ಬನ್ನು, ದಿಲ್‌ಪಸಂದ್, ಜೇಬಲ್ಲಿ ಇನ್ನೂ ಕಡಿಮೆ ಇದ್ರೆ ಒಂದು ಟೀ ಎರಡು ಲೋಟ. ನಿಲ್ಲೋಕೆ ಜಾಗದ ಬಾಡಿಗೆ ಅದು, ರುಚಿ ಆಮೇಲಿನ ಮಾತು.

ಈಗ ಅಂಗಡಿಯವ್ರ ಕಡೆಯಿಂದ ನೋಡೋಣ, ಯಾಕಂದ್ರೆ ಅವ್ರ ದೂರಲ್ಲಿ ನಿಜ ಇದೆ. ದುರ್ಗಿಗುಡಿ, ಸವಾರ್‌ಲೈನ್ ರೋಡು, ವಿನೋಬನಗರದ ಕಡೆ ಇರೋ ಚಿಕ್ಕ ಫಾಸ್ಟ್‌ಫುಡ್ಡು, ಚಾಟ್ ಸೆಂಟರುಗಳು ಅಂದ್ರೆ ಆರೇಳು ಟೇಬಲ್ಲು, ಒಂದು ಒಲೆ, ಒಂದು ದೊಡ್ಡ ಬಾಣಲೆ, ಕೆಲ್ಸದೋರು ಇಬ್ರೋ ಮೂವ್ರೋ. ಇಂಥ ಅಂಗಡಿ ಬದುಕೋದು ಟೇಬಲ್ ಎಷ್ಟು ಸಲ ಖಾಲಿಯಾಗಿ ತುಂಬುತ್ತೆ ಅನ್ನೋದ್ರ ಮೇಲೆ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಒಂದು ಪ್ಲೇಟ್ ಗೋಬಿ 60 ರೂಪಾಯಿ. ನಾಲ್ಕು ಜನ ಬಂದು ಒಂದೇ ಪ್ಲೇಟ್ ತಗೊಂಡು ನಾಲ್ಕು ಚಮಚ ಕೇಳಿ, 'ಅಣ್ಣಾ ಈರುಳ್ಳಿ ಸ್ವಲ್ಪ ಜಾಸ್ತಿ' ಅಂತ ಎರಡ್ಸಲ ಹಾಕಿಸ್ಕೊಂಡು, ಸಾಸ್ ಬಾಟ್ಲಿ ಅರ್ಧ ಮಾಡಿ, ಮುಕ್ಕಾಲು ಗಂಟೆ ಕೂತ್ರೆ ಅಂಗಡಿಯವ್ನಿಗೆ ಆ ಟೇಬಲ್ಲಿಂದ ಬಂದಿದ್ದು ಅದೇ 60. ಅದೇ ಜಾಗದಲ್ಲಿ ಆಫೀಸು ಮುಗ್ಸಿ ಬರೋರು ಎರಡು ಬ್ಯಾಚು ತಿಂದೆದ್ದು ಹೋಗಿರ್ತಿದ್ರು. ಸಿಲಿಂಡರ್ ರೇಟು, ಎಣ್ಣೆ ರೇಟು, ಬಾಡಿಗೆ, ಇದೆಲ್ಲ ಅವ್ನ ತಲೇಲಿ ಓಡ್ತಿರುತ್ತೆ. 'ಎದ್ದೇಳ್ರಪ್ಪಾ, ಪಾರ್ಟಿ ಕಾಯ್ತಿದಾರೆ' ಅಂತ ಅವ್ನು ಒರಟಾಗಿ ಅಂದ್ರೆ ಅದು ಸಂಸ್ಕೃತಿ ರಕ್ಷಣೆ ಅಲ್ಲ, ವ್ಯಾಪಾರ. ನನಗೆ ಅದ್ರಲ್ಲಿ ತಪ್ಪು ಕಾಣಲ್ಲ.

ಆದ್ರೆ ಅದೇ ಊರಲ್ಲಿ, ಅದೇ ಥರದ ಹೋಟ್ಲಲ್ಲಿ, ಬೆಳಗ್ಗೆ ಹತ್ತೂವರೆಗೆ ಹೋಗಿ ನೋಡಿ. ಮೂಲೆ ಟೇಬಲ್ಲಲ್ಲಿ ನಾಲ್ಕು ಜನ ಯಜಮಾನ್ರು, ಎರಡು ಬೈಟು ಕಾಫಿ, ಅಡಿಕೆ ರೇಟಿನ ಮಾತು, ರಾಶಿ ಎಷ್ಟಾಯ್ತು, ಸರಕು ಎಷ್ಟು, ಬೆಟ್ಟೆ ಈ ವಾರ ಬಿತ್ತಂತೆ, ಎಲೆಚುಕ್ಕಿ ರೋಗಕ್ಕೆ ಎಂತ ಹೊಡೆದ್ರಿ, ಅಲ್ಲಿಂದ ರಾಜಕೀಯ, ಅಲ್ಲಿಂದ ಯಾರದೋ ಮನೆ ಪಾಲು. ಕಾಫಿ ಲೋಟ ಒಣಗಿ ಕಲೆ ಕಟ್ಟಿರುತ್ತೆ, ಇವ್ರು ಏಳಲ್ಲ. ದನಿನೂ ಸಣ್ಣದಲ್ಲ, ಅಡಿಗೆಮನೆವರೆಗೂ ಕೇಳುತ್ತೆ. ಇವ್ರನ್ನ ಯಾರಾದ್ರೂ ಏಳಿ ಅಂದಿದ್ದು ನೋಡಿದೀರಾ? ಫೋಟೋ ತೆಗ್ದು ಗ್ರೂಪಿಗೆ ಹಾಕಿ 'ತೋಟದ ಕೆಲ್ಸ ಬಿಟ್ಟು ಇಲ್ಲಿ ಕೂತಿದಾರೆ' ಅಂದಿದ್ದು ನೋಡಿದೀರಾ? ಟೇಬಲ್ ಹಿಡ್ಕೊಂಡಿದ್ದು ಅಷ್ಟೇ ಹೊತ್ತು, ಕೊಟ್ಟ ದುಡ್ಡು ಇನ್ನೂ ಕಡಿಮೆ, ಆದ್ರೂ ಒಂದು ಹರಟೆ, ಇನ್ನೊಂದು ಪೋಲಿತನ.

ಹೋಟ್ಲು ಗೋಡೆ ಮೇಲಿನ ಹಳೇ ಬೋರ್ಡುಗಳನ್ನೇ ಓದಿ ಬೇಕಾದ್ರೆ. ತಟ್ಟೆಯಲ್ಲಿ ಕೈ ತೊಳೆಯಬೇಡಿ. ಎಲ್ಲೆಂದರಲ್ಲಿ ಉಗುಳಬೇಡಿ. ಇಲ್ಲಿ ರಾಜಕೀಯ ಮಾತನಾಡಬೇಡಿ. ಇವೆಲ್ಲ ಹದಿಹರೆಯದವ್ರಿಗೆ ಬರ್ಸಿದ ಬೋರ್ಡಂತೂ ಅಲ್ಲ ಸ್ವಾಮಿ, ಈಗಿನ ಪಿಯು ಹುಡುಗ್ರು ಹುಟ್ಟೋಕೆ ಮುಂಚಿಂದ ಇರೋವು. ತಟ್ಟೇಲಿ ಕೈ ತೊಳೆದೋರು, ಗೋಡೆ ಮೂಲೇಲಿ ಎಲೆಅಡಿಕೆ ಉಗುಳಿದೋರು, ಚುನಾವಣೆ ಟೈಮಲ್ಲಿ ಕೊರಳಪಟ್ಟಿ ಹಿಡಿದೋರು ಯಾರು ಅಂತ ಬೇರೆ ಹೇಳ್ಬೇಕಾ.

ಇನ್ನೂ ಹಿಂದಕ್ಕೆ ಹೋದ್ರೆ ಮಜಾ ಇದೆ. ಹೊರಗೆ ತಿನ್ನೋದೇ ಕೆಟ್ಟ ಚಾಳಿ ಅಂತಿದ್ದ ಕಾಲ ಒಂದಿತ್ತು. ಯಾರು ಬೇಯ್ಸಿದ್ದೋ, ಯಾವ ಜಾತಿಯವ್ರು ಕೂತೆದ್ದ ಜಾಗವೋ ಅನ್ನೋ ಮಡಿ ಮೈಲಿಗೆ ಲೆಕ್ಕ, ಹೋಟ್ಲಿಗೆ ಹೋಗ್ಬಂದೋನು ಮನೇಲಿ ಬಾಯ್ಬಿಡ್ತಾ ಇರ್ಲಿಲ್ಲ. ಹೋಟ್ಲು ಒಳಗೂ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದೋರಿಗೆ ಬೇರೆ, ದಲಿತ್ರಿಗೆ ಬಾಗ್ಲಾಚೆ, ಬೇರೆ ಲೋಟ. ಇದನ್ನ ಮುರಿಯೋಕೆ ಸಂವಿಧಾನದಲ್ಲೇ ಬರೀಬೇಕಾಯ್ತು, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಉಪಾಹಾರ ಗೃಹ, ಹೋಟ್ಲು ಅಂತ ಹೆಸರಿಟ್ಟೇ ಹೇಳಿದೆ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ಯಾರನ್ನೂ ತಡೆಯೋ ಹಾಗಿಲ್ಲ ಅಂತ. ಅಷ್ಟಿದ್ರೂ ಸಾಲದೆ 1955ರಲ್ಲಿ ಅಸ್ಪೃಶ್ಯತೆ ವಿರುದ್ಧ ಬೇರೆ ಕಾಯ್ದೆನೇ ತರಬೇಕಾಯ್ತು. ಆದ್ರೆ 15ನೇ ವಿಧಿಯ ಆ ಪಟ್ಟೀಲಿ ವಯಸ್ಸು ಇಲ್ಲ ಅನ್ನೋದು ಗಮನಿಸಿ. ಹಂಗಾಗಿ 'ಸ್ಟೂಡೆಂಟ್ಸ್ ಗುಂಪಿಗೆ ಟೇಬಲ್ ಇಲ್ಲ' ಅಂತ ಬೋರ್ಡ್ ಹಾಕಿದ್ರೆ ಆ ವಿಧಿ ಹಿಡ್ಕೊಂಡು ಜಗಳ ಆಡೋಕಾಗಲ್ಲ.

ಅಂದ್ರೆ ಅಜ್ಜನಿಗೆ ಕಾಫಿ ಹೋಟ್ಲು ಕೆಟ್ಟದ್ದು, ಅಪ್ಪನಿಗೆ ಅದು ನಿತ್ಯದ ಜಾಗ, ಬೇಕರಿಯ ಮೊಟ್ಟೆ ಪಫ್ಸು ಕೆಟ್ಟದ್ದು. ಅಪ್ಪನ ತಮ್ಮನ ಕಾಲಕ್ಕೆ ಪಫ್ಸು ಪರವಾಗಿಲ್ಲ, ಗೋಬಿ ಗಾಡಿ ಕೆಟ್ಟದ್ದು. ಈಗ ಗೋಬಿನ ಅಪ್ಪ ಅಮ್ಮನೇ ಪಾರ್ಸೆಲ್ ತರ್ತಾರೆ, ಮೊಮೊ, ಶವರ್ಮಾ ಕೆಟ್ಟದ್ದು. ಮನೇಲಿ ಅಕ್ಕಿರೊಟ್ಟಿ, ಕಡುಬು, ತಂಬುಳಿ ಮಾಡಿಟ್ಟಿದ್ರೆ ಮುಟ್ಟಲ್ಲ, ಇದಕ್ಕೆ ಓಡ್ತಾವೆ ಅಂತ ಅಮ್ಮಂದಿರು ಬೇಜಾರ್ ಮಾಡ್ಕೊಳ್ಳೋದ್ರಲ್ಲಿ ಅರ್ಥ ಇದೆ, ಆದ್ರೆ ಅಮ್ಮಂದಿರೇ, ಕಡುಬು ತಿನ್ನೋಕೆ ಗೆಳೆಯರನ್ನೆಲ್ಲ ಮನೆಗೆ ಕರ್ಕೊಂಡು ಬಾ ಅಂತ ಎಷ್ಟ್ ಜನ ಹೇಳಿದೀರಿ? ಗಂಡು ಹೆಣ್ಣು ಎಲ್ರನ್ನೂ ಸೇರ್ಸಿ?

ನಮ್ ಕಾಲದಲ್ಲಿ ಹಿಂಗಿರ್ಲಿಲ್ಲ ಅನ್ನೋ ಮಾತಿನ ಬಗ್ಗೆ 2019ರಲ್ಲಿ ಅಮೆರಿಕದಲ್ಲಿ ಜಾನ್ ಪ್ರೊಟ್ಸ್ಕೊ, ಜೊನಾಥನ್ ಸ್ಕೂಲರ್ ಅನ್ನೋ ಇಬ್ರು ಮನಃಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟ ಮಾಡಿದ್ರು. ಚೆನ್ನಾಗಿ ಓದೋ ದೊಡ್ಡೋರಿಗೆ ಈಗಿನ ಮಕ್ಳು ಓದೋದೇ ಇಲ್ಲ ಅನ್ಸುತ್ತಂತೆ, ಅಧಿಕಾರಕ್ಕೆ ತಲೆಬಾಗ್ಬೇಕು ಅನ್ನೋ ಸ್ವಭಾವದವ್ರಿಗೆ ಈಗಿನ ಮಕ್ಳಿಗೆ ಹಿರಿಯರಲ್ಲಿ ಗೌರವ ಇಲ್ಲ ಅನ್ಸುತ್ತಂತೆ. ಅಂದ್ರೆ ಯಾರು ಯಾವುದ್ರಲ್ಲಿ ಮುಂದೋ ಅದ್ರಲ್ಲೇ ಮಕ್ಳು ಹಿಂದೆ ಬಿದ್ದಂಗೆ ಕಾಣುತ್ತೆ, ಜೊತೆಗೆ ದೊಡ್ಡೋರು ಈಗ ತಾವು ಹೆಂಗಿದಾರೋ ಅದನ್ನೇ ಹಳೇ ನೆನಪಿನೊಳಗೆ ಕೂರಿಸ್ಕೊಂಡು ಆಗ್ಲೂ ಹಿಂಗೇ ಇದ್ವಿ ಅಂದ್ಕೋತಾರೆ. ಸಹ್ಯಾದ್ರಿ ಕಾಲೇಜಲ್ಲೋ ಡಿವಿಎಸ್ಸಲ್ಲೋ ಓದಿದ ಯಾರನ್ನಾದ್ರೂ ಹಳೇ ಕ್ಲಾಸ್‌ಮೇಟ್ ಜೊತೆ ಕೂರ್ಸಿ ಅರ್ಧ ಗಂಟೆ ಬಿಡಿ, ಕ್ಲಾಸ್ ಬಂಕು, ಸಿನ್ಮಾ, ಮಸಾಲೆ ದೋಸೆಗೆ ಚಂದಾ ಎತ್ತಿದ್ದು ಎಲ್ಲಾ ಹೊರಗೆ ಬರುತ್ತೆ. ಮಗ ಪಕ್ಕದಲ್ಲಿದ್ರೆ ಮಾತ್ರ ಬರಲ್ಲ.

ಗಲಾಟೆ ವಿಷ್ಯಕ್ಕೆ ಬರೋಣ. ಹುಡುಗ್ರ ಗುಂಪು ಸದ್ದು ಮಾಡುತ್ತೆ, ಹೌದು. ಒಬ್ಬನೇ ಬಂದಾಗ 'ಅಣ್ಣಾ ಒಂದು ಎಗ್ ರೈಸ್' ಅಂತ ಮೆಲ್ಲಗೆ ಹೇಳಿ ಮೊಬೈಲ್ ನೋಡ್ಕೊಂಡು ತಿಂದು ಹೋಗೋ ಹುಡುಗನೇ, ಗುಂಪಲ್ಲಿದ್ದಾಗ ಕುರ್ಚಿ ಎಳೆದಾಡ್ತಾನೆ, ಮಗಾ ಮಚ್ಚಾ ಅಂತ ಕೂಗ್ತಾನೆ, ಬಿಲ್ ಬಂದ ತಕ್ಷಣ ಕೈ ತೊಳೆಯೋಕೆ ಓಡ್ತಾನೆ. ಇದಕ್ಕೂ ಒಂದು ಪ್ರಯೋಗ ಇದೆ, 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತೆ ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನೋರು 306 ಜನರಿಗೆ ಕಾರ್ ಓಡ್ಸೋ ಒಂದು ವಿಡಿಯೋ ಗೇಮ್ ಕೊಟ್ರು, ಹಳದಿ ಲೈಟ್ ಬಿದ್ಮೇಲೆ ನಿಲ್ಲಿಸ್ತಾರೋ ನುಗ್ತಾರೋ ಅಂತ ನೋಡೋಕೆ. ಒಬ್ಬೊಬ್ರೇ ಆಡಿದಾಗ ಹದಿಮೂರರಿಂದ ಹದಿನಾರು ವಯಸ್ಸಿನವ್ರಿಗೂ ದೊಡ್ಡೋರಿಗೂ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಗೆಳೆಯರು ಪಕ್ಕದಲ್ಲಿ ಕೂತ್ರು ನೋಡಿ, ಮಕ್ಕಳ ರಿಸ್ಕು ಹೆಚ್ಚೂಕಮ್ಮಿ ಎರಡು ಪಟ್ಟಾಯ್ತು, 24 ದಾಟಿದೋರಲ್ಲಿ ಮಾತ್ರ ಗೆಳೆಯರು ಇದ್ರೂ ಇಲ್ದಿದ್ರೂ ಒಂದೇ. ಅಂದ್ರೆ ಗುಂಪಲ್ಲಿ ಕಾಣೋ ಹಾರಾಟ ಆ ವಯಸ್ಸಿನದು, ಆ ಹುಡುಗನ ಇಡೀ ಗುಣ ಅಲ್ಲ. ಹಂಗಂತ ಎಲ್ಲಾನೂ ಮಾಫಿ ಅಂತ ನಾನು ಹೇಳ್ತಿಲ್ಲ. ಮೂರು ಜನ ಒಂದೇ ಗಾಡೀಲಿ ನೂರಡಿ ರಸ್ತೇಲಿ ಹೋಗೋದು, ರಾತ್ರಿ ಗಾಡಿ ಸೀಟ್ ಮೇಲೆ ಕೇಕ್ ಇಟ್ಟು ಕಟ್ ಮಾಡಿ ಮುಖಕ್ಕೆಲ್ಲ ಬಳಿದು ಫೋಮ್ ಸ್ಪ್ರೇ ಹೊಡೆದು ರಸ್ತೆ ಗಲೀಜು ಮಾಡಿ ಹೋಗೋದು, ಇವೆಲ್ಲ ದೂರು ಕೊಡೋ ಅಂಥ ವಿಷ್ಯಗಳೇ. ಗಾಡಿ ವಿಚಾರಕ್ಕೆ ಕಾನೂನೂ ಗಟ್ಟಿ ಇದೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರು ಗಾಡಿ ಓಡ್ಸಿ ಸಿಕ್ಕಿಬಿದ್ರೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಅದೂ ಪೋಷಕರಿಗೆ ಇಲ್ಲಾ ಗಾಡಿ ಓನರಿಗೆ. ನಮ್ಮ ಜಿಲ್ಲೇಲೂ ಅಪ್ಪಂದಿರು ಕೋರ್ಟಿಗೆ ಹೋಗಿ ದಂಡ ಕಟ್ಟಿದ ಸುದ್ದಿ ಬರ್ತಾನೇ ಇರುತ್ತೆ. ವಿಚಿತ್ರ ಅಂದ್ರೆ, ಗೋಬಿ ತಿಂದ ಮಗನಿಗೆ ಬಯ್ಯೋ ಅಪ್ಪನೇ ಟ್ಯೂಷನ್ನಿಗೆ ಲೇಟಾಗುತ್ತೆ ಅಂತ ಸ್ಕೂಟಿ ಕೀ ಕೊಟ್ಟಿರ್ತಾನೆ.

ಈ ತೀರ್ಪು ಎಲ್ರ ಮೇಲೂ ಒಂದೇ ಭಾರ ಬೀಳಲ್ಲ ಅನ್ನೋದು ನನ್ನ ಮುಖ್ಯ ತಕರಾರು. ಹುಡುಗನ ಫೋಟೋ ಬಂದ್ರೆ ಮನೇಲಿ ಬೈಗುಳ, ಹೆಚ್ಚಂದ್ರೆ ಎರಡೇಟು, ನಾಳೆ ಮತ್ತೆ ಅದೇ ಗಾಡಿ ಹತ್ರ ನಿಂತಿರ್ತಾನೆ. ಹುಡುಗಿಗೆ ಹಂಗಲ್ಲ. ಸಂಜೆ ಕ್ಲಾಸ್ ನಿಲ್ಲುತ್ತೆ, ಕಾಲೇಜಿಂದ ನೇರ ಬಸ್ಸು, ಹಾಸ್ಟೆಲ್ ಆದ್ರೆ ವಾರ್ಡನ್‌ಗೆ ಫೋನು, ಪಿಯು ಮುಗಿದ ತಕ್ಷಣ ಜಾತಕ ಹೊರಗೆ ಬಂದ್ರೂ ಬಂತೇ. ಒಂದು ಪ್ಲೇಟ್ ಪಾನಿಪುರಿಯಿಂದ ಒಂದು ಡಿಗ್ರಿವರೆಗೆ ಹೋಗಿ ಮುಟ್ಟುತ್ತೆ ಲೆಕ್ಕ. ಹಳೇ ಹೋಟ್ಲುಗಳಲ್ಲಿ ಫ್ಯಾಮಿಲಿ ರೂಂ ಅಂತ ಇರ್ತಿತ್ತಲ್ಲ, ಪರದೆ ಇಳಿಬಿಟ್ಟಿದ್ದು, ಹೆಣ್ಮಕ್ಳು ತಿನ್ನೋದನ್ನ ಗಂಡಸ್ರು ನೋಡಬಾರದು ಅಂತ ಮಾಡಿದ್ದು ಅದು. ಈಗ ಹುಡುಗೀರು ರಸ್ತೆ ಬದೀಲಿ, ಎಲ್ರಿಗೂ ಕಾಣೋ ಹಾಗೆ ನಿಂತು ತಿಂತಾರೆ, ಗೊತ್ತಿರೋರು ಯಾರಾದ್ರೂ ಬಂದ್ರೆ ಅಂತ ಒಂದು ಕಣ್ಣು ರಸ್ತೆ ಕಡೆನೇ ಇಟ್ಟಿರ್ತಾರೆ, ಪರದೆಯೊಳಗೆ ಕೂತಿದ್ರೆ ಅದಕ್ಕೂ ಒಂದು ಮಾತು ಬರ್ತಿತ್ತು ಅಂತಾನೂ ಅವ್ರಿಗೆ ಗೊತ್ತು. ಎಲ್ಲಿ ನಿಂತ್ರೂ ಮಾತೇ.

ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಂದೇ ಟೇಬಲ್ಲಲ್ಲಿ ಕೂತ್ರೆ ವಿಷ್ಯ ಮನೆ ಮಂದಿ ಕೈಲೂ ಇರಲ್ಲ. ಘಟ್ಟದ ಕೆಳಗೆ ಮಂಗಳೂರಲ್ಲಿ 2009ರ ಜನವರೀಲಿ ಪಬ್ ಮೇಲೆ, 2012ರ ಜುಲೈಲಿ ಹೋಂಸ್ಟೇ ಮೇಲೆ ಸಂಸ್ಕೃತಿ ಹೆಸರಲ್ಲಿ ನಡೆದ ದಾಳಿ ದೇಶವೇ ಟಿವೀಲಿ ನೋಡಿತ್ತು. ನಮ್ಮೂರು 2022ರಲ್ಲಿ ಕೋಮು ಗಲಾಟೆಗೆ ಕರ್ಫ್ಯೂ ಕಂಡ ಊರು, ಒಂದು ಫೋಟೋಗೆ ಎಷ್ಟು ದೂರ ಹೋಗೋ ಶಕ್ತಿ ಇದೆ ಅಂತ ಇಲ್ಲಿ ಯಾರಿಗೂ ಪಾಠ ಮಾಡ್ಬೇಕಿಲ್ಲ. ಅದಕ್ಕೇ ಹೇಳೋದು, ಗ್ರೂಪಿಗೆ ಫೋಟೋ ಹಾಕೋರು ನಾವು ಒಳ್ಳೇದಕ್ಕೇ ಮಾಡಿದ್ವಿ ಅಂದ್ರೆ ನನಗೆ ಒಪ್ಪಿಗೆ ಆಗಲ್ಲ. ಹದಿನಾರು ವರ್ಷದವ್ರ ಮುಖ ಇರೋ ಫೋಟೋನ 250 ಜನರಿಗೆ ಕಳ್ಸಿದ್ಮೇಲೆ ಅದು ಯಾರ ಕೈಗೆ ಹೋಗುತ್ತೆ ಅನ್ನೋದು ನಿಮ್ಮ ಹತೋಟೀಲಿಲ್ಲ. ಮಗು ಬಗ್ಗೆ ಅಷ್ಟು ಕಾಳಜಿ ಇದ್ರೆ ಹತ್ರ ಹೋಗಿ 'ಯಾವೂರ್ ಪುಟ್ಟಿ, ಬಸ್ಸು ಎಷ್ಟೊತ್ತಿಗೆ' ಅಂತ ಕೇಳ್ಬಹುದಿತ್ತಲ್ಲ.

ನಿಗಾ ಇಡೋಕೆ ಇನ್ನೊಂದು ದಾರಿನೂ ಆಗಿದೆ, ಯುಪಿಐ. 2016ರಲ್ಲಿ ಶುರುವಾದಾಗ ಇದು ಅಪ್ಪಂದಿರ ಸಿಸಿ ಕ್ಯಾಮೆರಾ ಆಗುತ್ತೆ ಅಂತ ಯಾರಂದ್ಕೊಂಡಿದ್ರು. ಅಪ್ಪನ ಅಕೌಂಟಿಂದ ಹೋಗೋ ದುಡ್ಡು, ಇಲ್ಲಿ ಸ್ಕ್ಯಾನ್ ಮಾಡಿದ್ರೆ ಅಲ್ಲಿ ಟಿಣ್ ಅಂತ ಮೆಸೇಜು, ಸಂಜೆ 5:12ಕ್ಕೆ 40 ರೂಪಾಯಿ, ಯಾವ ಅಂಗಡಿ ಅಂತ ಹೆಸರು ಸಮೇತ. ಚಿಲ್ರೆ ಕಾಸಿನ ಕಾಲದಲ್ಲಿ ಮಗ ಎಲ್ಲಿ ತಿಂದ ಅಂತ ಅವ್ನ ಬಾಯಿಂದನೇ ಬರ್ಬೇಕಿತ್ತು. 2025ರ ಜುಲೈಲಿ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ, ಸರಕು ಮಾರೋರಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದ್ರೆ ನೋಂದಣಿ ಬೇಕು ಅನ್ನೋ ರೂಲು ತೋರ್ಸಿ, ಎಷ್ಟೋ ಬೇಕರಿ, ಕಾಂಡಿಮೆಂಟ್ಸಿನವ್ರು ಕ್ಯೂಆರ್ ಸ್ಟಿಕ್ಕರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬರೆದ್ರಲ್ಲ, ಅಂಗಡಿಯವ್ರಿಗೆ ತಲೆನೋವು, ಹುಡುಗ್ರಿಗೆ ಅಷ್ಟು ದಿನ ಸ್ವಾತಂತ್ರ್ಯ.

ನಿಜವಾಗ್ಲೂ ಮಕ್ಳ ಬಗ್ಗೆ ಭಯ ಬೀಳೋ ವಿಷ್ಯ ಇದ್ರೆ ಅದು ಪ್ಲೇಟ್ ಒಳಗಿದೆ. 2024ರ ಮಾರ್ಚ್ 11ಕ್ಕೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ ಮತ್ತೆ ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋ ಹಾಗಿಲ್ಲ ಅಂತ ಘೋಷಣೆ ಮಾಡಿದ್ರು. ರಾಜ್ಯದಲ್ಲಿ ತಗೊಂಡಿದ್ದ 171 ಗೋಬಿ ಸ್ಯಾಂಪಲಲ್ಲಿ 107 ಸುರಕ್ಷಿತ ಅಲ್ಲ ಅಂತ ಬಂದಿತ್ತು, ಮಿಠಾಯಿಲಿ 25ಕ್ಕೆ 15. ಮಿಠಾಯಿಲಿ ಸಿಕ್ಕಿದ್ರಲ್ಲಿ ರೋಡಮೀನ್-ಬಿ ಅನ್ನೋದು ಬಟ್ಟೆಗೆ ಹಾಕೋ ಬಣ್ಣ. ತಪ್ಪಿದ್ರೆ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂದ್ರು. ಆ ಜೂನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಸ್ವಲ್ಪ ದಿನ ಊರಲ್ಲೆಲ್ಲ ಗೋಬಿ ಕಂದು ಬಣ್ಣಕ್ಕೆ ತಿರುಗಿತ್ತು, 'ಕಲರ್ ಹಾಕಿಲ್ಲ' ಅಂತ ಗಾಡಿಗಳ ಮೇಲೆ ಚೀಟಿ ಬೇರೆ. ಈಗ ಸಂಜೆ ಹೊತ್ತು ಒಂದು ರೌಂಡ್ ಹಾಕಿ, ಕೆಲವು ಬಾಣಲೆಗಳ ಕೆಂಪು ನೋಡಿದ್ರೆ ಅದು ಬರೀ ಬ್ಯಾಡಗಿ ಮೆಣಸಿನ ಕೆಂಪಾ ಅಂತ ಅನುಮಾನ ಬರುತ್ತೆ. ಕಪ್ಪಾಗೋವರೆಗೂ ಕಾಯ್ಸೋ ಎಣ್ಣೆ ಇನ್ನೊಂದು ಕತೆ. ಶಾಲೆ ಗೇಟಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿ ಮಾರೋ ಹಾಗಿಲ್ಲ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮಾನೇ ಇದೆ, ಯಾವ್ದಾದ್ರೂ ಶಾಲೆ ಗೇಟ್ ಮುಂದೆ ನಿಂತು ಹೆಜ್ಜೆ ಅಳೆದು ನೋಡಿ, ನಿಮಗೇ ಗೊತ್ತಾಗುತ್ತೆ. ಬಣ್ಣ ಹಾಕಿದೋರು ದೊಡ್ಡೋರು, ಪರವಾನಗಿ ಕೊಟ್ಟೋರು ದೊಡ್ಡೋರು, ಚೆಕ್ ಮಾಡ್ಬೇಕಾದೋರು ದೊಡ್ಡೋರು, ಕೆಟ್ಟ ಹೆಸರು ಮಾತ್ರ ತಿಂದ ಹುಡುಗಿಗೆ. ಗ್ರೂಪಲ್ಲಿ ಎಷ್ಟು ಜನ ಎಣ್ಣೆ ಫೋಟೋ ಹಾಕಿದಾರೆ? ಹುಡುಗ್ರನ್ನ ಬಯ್ಯೋದು ಸಲೀಸು, ಅವ್ರು ತಿರುಗಿ ಮಾತಾಡಿದ್ರೂ ಅದೂ ಕೆಟ್ಟ ನಡತೆ ಲೆಕ್ಕಕ್ಕೇ ಸೇರುತ್ತೆ.

ಪೊಲೀಸ್ರ ವಿಷ್ಯನೂ ಒಂದು ಮಾತು. ಶಿವಮೊಗ್ಗದಲ್ಲಿ ಸಂಜೆ ಏರಿಯಾ ಡಾಮಿನೇಷನ್ ಅಂತ ಕಾಲ್ನಡಿಗೆ ಗಸ್ತು ಮಾಡ್ತಾರೆ, ಕತ್ತಲೆ ಮೂಲೇಲಿ ಕುಡ್ಕೊಂಡು ಗಾಂಜಾ ಸೇದ್ಕೊಂಡು ನಿಂತೋರ ಮೇಲೆ ಕೇಸ್ ಹಾಕ್ತಾರೆ, ಊರಿನ ಪರಿಸ್ಥಿತಿಗೆ ಅದು ಬೇಕೂ ಹೌದು. ಗಾಂಜಾ ಇಲ್ಲಿ ನಿಜವಾದ ಸಮಸ್ಯೆ, ಅದನ್ನ ಚಿಕ್ಕದು ಮಾಡೋ ಉದ್ದೇಶ ನನಗಿಲ್ಲ. ಆದ್ರೆ ಊರಿನವ್ರ ತಲೇಲಿ ಗಾಂಜಾ ಹುಡುಗ್ರು ಬೇರೆ, ಗೋಬಿ ಹುಡುಗ್ರು ಬೇರೆ ಅನ್ನೋ ಗೆರೆ ಅಳಿಸಿ ಹೋಗ್ತಿದೆ, ಗುಂಪು ಕಂಡ್ರೆ ಸಾಕು ಅನುಮಾನ. ಎಲ್ರನ್ನೂ ಒಂದೇ ಕಣ್ಣಲ್ಲಿ ನೋಡಿದ್ರೆ ಲಾಭ ಆಗೋದು ನಿಜವಾಗಿ ಮಾರೋನಿಗೆ, ಅವ್ನು ಆ ಗದ್ದಲದಲ್ಲಿ ಆರಾಮಾಗಿ ಮರೆಯಾಗ್ತಾನೆ.

ಹೋಟ್ಲೊಳಗೆ ಇನ್ನೊಬ್ಬ ಹದಿನಾರು ವರ್ಷದೋನು ಇರ್ತಾನೆ, ಅವ್ನನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಟೇಬಲ್ ಒರೆಸೋ ಹುಡುಗ. ಒಂದು ಕೈಲಿ ಪ್ಲಾಸ್ಟಿಕ್ ಟಬ್ಬು, ಇನ್ನೊಂದ್ರಲ್ಲಿ ಸ್ಪಾಂಜು, ಬೆರಳ ತುದಿಯೆಲ್ಲ ಸೋಪಿನ ನೀರಿಗೆ ಸುಕ್ಕಾಗಿರುತ್ತೆ. ಉತ್ತರ ಕರ್ನಾಟಕದಿಂದಲೋ, ಬಿಹಾರ ಅಸ್ಸಾಂ ಕಡೆಯಿಂದಲೋ ಬಂದಿರ್ತಾನೆ. ಅವನದೇ ವಯಸ್ಸಿನೋರು 'ಏಯ್, ನೀರು ತಾ' ಅಂತಾರೆ, ಇದು ಹುಡುಗ್ರ ನಡತೆ ಬಗ್ಗೆ ನನಗೆ ನಿಜಕ್ಕೂ ಸಿಟ್ಟು ಬರ್ಸೋ ವಿಷ್ಯ, ಆದ್ರೆ ಇದನ್ನ ಅವ್ರು ಕಲ್ತಿದ್ದು ಅಪ್ಪನ ಜೊತೆ ಹೋಟ್ಲಿಗೆ ಬಂದಾಗ್ಲೇ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ್ಮೇಲೆ 14ಕ್ಕಿಂತ ಚಿಕ್ಕೋರನ್ನ ಹೋಟ್ಲಲ್ಲಿ ಕೆಲ್ಸಕ್ಕೆ ಇಟ್ಕೊಳ್ಳೋ ಹಾಗೇ ಇಲ್ಲ, 14ರಿಂದ 18ರವರನ್ನ ಅಪಾಯದ ಕೆಲ್ಸ ಬಿಟ್ಟು ಉಳಿದಿದ್ದಕ್ಕೆ ಇಟ್ಕೋಬಹುದು, ಆದ್ರೆ ಸಂಜೆ 7ರಿಂದ ಬೆಳಗ್ಗೆ 8ರವರೆಗೆ ದುಡಿಸೋ ಹಾಗಿಲ್ಲ. ರಾತ್ರಿ ಒಂಬತ್ತೂವರೆಗೆ ಪಾರ್ಸೆಲ್ ತರೋಕೆ ಹೋದಾಗ ಟೇಬಲ್ ಒರೆಸ್ತಿರೋದು ಯಾರು ಅಂತ ಒಮ್ಮೆ ನೋಡಿ. ಗೋಬಿ ತಿನ್ನೋ ಹುಡುಗ ಕೆಟ್ಟುಹೋದ ಅನ್ನೋ ಊರು, ಆ ಗೋಬಿ ತಟ್ಟೆ ತೊಳೆಯೋ ಹುಡುಗನ ಓದಿನ ಬಗ್ಗೆ ಒಂದು ಮೆಸೇಜೂ ಹಾಕಲ್ಲ.

ಕೆಲವು ಅಂಗಡಿಯವ್ರು ಈ ತಾಪತ್ರಯಕ್ಕೆಲ್ಲ ತಮಗೆ ತಿಳಿದ ಹಾಗೆ ದಾರಿ ಮಾಡ್ಕೊಂಡಿದಾರೆ, ಅದು ನನಗೆ ಭಾಷಣಗಳಿಗಿಂತ ಇಷ್ಟ. ನಾಲ್ಕರಿಂದ ಆರರವರೆಗೆ ಒಳಗಿನ ಟೇಬಲ್ ಬೇಡ, ಹೊರಗೆ ಎದೆಮಟ್ಟದ ಸ್ಟೀಲ್ ಕಟ್ಟೆ, ನಿಂತು ತಿನ್ನಿ ಎಷ್ಟೊತ್ತಾದ್ರೂ. ಹಾಫ್ ಪ್ಲೇಟ್ ಇದೆ, ಒಬ್ಬೊಬ್ರೂ ತಗೊಳ್ಳಿ. ದುಡ್ಡು ಮೊದ್ಲೇ ಕೊಟ್ಟು ಟೋಕನ್. ಇದ್ರಲ್ಲಿ ಬೈಗುಳ ಇಲ್ಲ, ನೀತಿ ಪಾಠ ಇಲ್ಲ, ಹುಡುಗ್ರಿಗೂ ಅವಮಾನ ಆಗಲ್ಲ, ಸಾಹುಕಾರನ ಗಲ್ಲಾನೂ ತುಂಬುತ್ತೆ. ಕಾಲೇಜುಗಳು ಇದ್ರಲ್ಲಿ ಅರ್ಧದಷ್ಟು ತಲೆ ಓಡ್ಸಿದ್ರೂ ಸಾಕು. ನಾಲ್ಕು ಗಂಟೆಗೆ ಗೇಟಿಗೆ ಬೀಗ ಹಾಕೋ ಬದ್ಲು ಕ್ಯಾಂಟೀನು, ಎರಡು ಕ್ಲಾಸ್ ರೂಮು ಆರರವರೆಗೆ ತೆಗ್ದಿಟ್ರೆ, ಅಲ್ಲಿ ಮಾತಾಡ್ಕೊಂಡು ಅವಲಕ್ಕಿ, ಮಂಡಕ್ಕಿ ತಿನ್ಕೊಂಡು ಕೂರೋಕೆ ಬಿಟ್ರೆ, ಬಸ್ಸು ಕಾಯೋ ಮಕ್ಳಲ್ಲಿ ಎಷ್ಟೋ ಜನ ಬೇಕರಿ ಶೀಟಿನ ಕೆಳಗೆ ನಿಲ್ಲಬೇಕಾಗಿ ಬರ್ತಿರ್ಲಿಲ್ಲ. ವಾಚ್‌ಮನ್‌ಗೆ ಎರಡು ಗಂಟೆ ಓಟಿ, ಅಂದ್ರೆ ಓವರ್‌ಟೈಮ್ ದುಡ್ಡು, ಯಾರು ಕೊಡ್ತಾರೆ ಅಂತ ಮ್ಯಾನೇಜ್‌ಮೆಂಟಿನವ್ರು ಕೇಳ್ತಾರೆ, ನಿಜ. ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ಮಾರ್ಕ್ಸು ಕೇಳಿ ಆದ್ಮೇಲೆ ಒಬ್ರಾದ್ರೂ ಎದ್ದು ಆ ಓಟಿ ತಿಂಗಳಿಗೆ ಎಷ್ಟಾಗುತ್ತೆ ಅಂತ ಕೇಳ್ಲಿ, ತಲೆಗೆ ಎಷ್ಟು ಬೀಳುತ್ತೆ ಅಂತ ಅಲ್ಲೇ ಲೆಕ್ಕ ಹಾಕಿದ್ರಾಯ್ತು.